ನಗೆಗೆ ಸೂತಕ ಎಷ್ಟು ದಿನ?

ಮನೆಯಲ್ಲಿ ಸಾವಾದರೆ ಸೂತಕಕ್ಕೆ ದಿನದ ಲೆಕ್ಕವಿದೆ. ಇಡೀ ದೇಶವೇ ಸಾವಿನ ಮನೆಯಾದಾಗ ಅದು ಕಳೆಯುವುದು ಯಾವಾಗ? ಹಾಸ್ಯಗಾರರ ಬಳಿ ಒಂದು ಹಳೆಯ ಸೂತ್ರವಿದೆ: ದುರಂತಕ್ಕೆ ಕಾಲ ಕೂಡಿದರೆ ಹಾಸ್ಯ. ಕೇಳಲು ಸೊಗಸಾಗಿದೆ. ಆದರೆ 2001ರ ನ್ಯೂಯಾರ್ಕ್ ಈ ಲೆಕ್ಕಕ್ಕೆ ಸಿಗುವುದಿಲ್ಲ.

ಸೆಪ್ಟೆಂಬರ್ 11ರ ವಿಮಾನ ದಾಳಿಗೆ ಅವಳಿ ಗೋಪುರಗಳು ಕುಸಿದು ಇನ್ನೂ ಮೂರು ವಾರವಾಗಿರಲಿಲ್ಲ. ಒಂದು ಕೂಟದಲ್ಲಿ ಹಾಸ್ಯಗಾರ ಗಿಲ್ಬರ್ಟ್ ಗಾಟ್‌ಫ್ರೀಡ್, ತನಗೆ ನೇರ ವಿಮಾನ ಸಿಗಲಿಲ್ಲ, ಸಿಕ್ಕಿದ್ದು ಎಂಪೈರ್ ಸ್ಟೇಟ್ ಕಟ್ಟಡದಲ್ಲಿ ನಿಂತು ಹೋಗುತ್ತದಂತೆ ಎಂದ. ಸಭೆ ಕೆರಳಿತು, ಇಷ್ಟು ಬೇಗವೇ ಎಂಬ ಕೂಗೆದ್ದಿತು. ಅವನು ಅಲ್ಲೇ ಹೊರಳಿ, ಹಾಸ್ಯಗಾರರ ವಲಯದ ಹಳೆಯ ಪೋಲಿ ಕಥೆಯೊಂದನ್ನು ಎತ್ತಿಕೊಂಡ. ಅದೇ ಸಭೆ ಬಿದ್ದುಬಿದ್ದು ನಕ್ಕಿತು. ನಡುವೆ ಕೂಡಿದ ಕಾಲ ಎಷ್ಟು? ಕೆಲವೇ ನಿಮಿಷ. ಅವರಿಗೆ ನಗುವುದು ಬೇಕಿತ್ತು, ಆ ನಗು ಬೇಡವಾಗಿತ್ತು.

ಅದೇ ದಿನಗಳಲ್ಲಿ 'ದಿ ಆನಿಯನ್' ಎಂಬ ವಿಡಂಬನಾ ಪತ್ರಿಕೆ ದಾಳಿಯನ್ನೇ ವಸ್ತುವಾಗಿಸಿ ಸಂಚಿಕೆ ತಂದಿತು. ವಿಮಾನ ಅಪಹರಣಕಾರರು ತಾವು ಬಂದಿಳಿದದ್ದು ನರಕಕ್ಕೆಂದು ತಿಳಿದು ಕಕ್ಕಾಬಿಕ್ಕಿಯಾದರೆಂಬುದು ಒಂದು 'ಸುದ್ದಿ'. ಏನು ಮಾಡಬೇಕೆಂದು ತೋಚದ ಹೆಂಗಸೊಬ್ಬಳು ರಾಷ್ಟ್ರಧ್ವಜದ ಕೇಕ್ ಮಾಡಿದಳೆಂಬುದು ಇನ್ನೊಂದು. ಓದುಗರಿಂದ ಕೃತಜ್ಞತೆಯ ಪತ್ರಗಳು ಬಂದವು. ಮೊದಲನೆಯದರ ಏಟು ಕೊಂದವರಿಗೆ; ಎರಡನೆಯದರಲ್ಲಿ ಏಟೇ ಇಲ್ಲ, ಕೈಕಟ್ಟಿ ಕೂತವರ ಅಸಹಾಯಕತೆಯಿದೆ. ಗಾಟ್‌ಫ್ರೀಡನ ಮಾತಿನಲ್ಲಾದರೋ ವಿಮಾನ ಕಟ್ಟಡಕ್ಕೆ ಬಡಿಯುವುದೇ ತಮಾಷೆ. ಸತ್ತವರು ಅದಕ್ಕೆ ಬರೀ ಸಲಕರಣೆ.

ಹಾಗೆಂದು ಗುರಿ ಸರಿಯಿದ್ದರೆ ಸಾಕೆಂದೂ ಹೇಳಲಾರೆ. 'ದಿ ಗ್ರೇಟ್ ಡಿಕ್ಟೇಟರ್' (1940) ಚಿತ್ರದಲ್ಲಿ ಚಾಪ್ಲಿನ್ ಬಾಣ ಬಿಟ್ಟದ್ದು ನೇರ ಹಿಟ್ಲರನಿಗೇ. ಆದರೂ 1964ರ ಆತ್ಮಕಥೆಯಲ್ಲಿ ಆತ ತೋಡಿಕೊಂಡದ್ದು, ನಾಜಿ ಯಾತನಾ ಶಿಬಿರಗಳ ಘೋರತೆ ಆಗಲೇ ಗೊತ್ತಿದ್ದರೆ ಆ ಚಿತ್ರ ತನ್ನಿಂದ ಆಗುತ್ತಿರಲಿಲ್ಲವೆಂದು. ಇಲ್ಲಿ ಕಾಲ ಹಾಸ್ಯವನ್ನು ಹತ್ತಿರ ತರಲಿಲ್ಲ, ದೂರ ಒಯ್ದಿತು. ಚಿತ್ರ ಆದದ್ದು ನಮ್ಮ ಪುಣ್ಯ. ಆ ಅಳುಕು ಅದರ ಯೋಗ್ಯತೆಯನ್ನು ಹೆಚ್ಚಿಸುತ್ತದೆಯೇ ಹೊರತು ತಗ್ಗಿಸುವುದಿಲ್ಲ. ದುರಂತದ ಬಗ್ಗೆ ನಗಿಸಹೊರಟವನಿಗೆ ಇರಬೇಕಾದದ್ದು ಅದೇ ಅಳುಕು.

ಸೂತಕದ ಮನೆಯಲ್ಲೂ ನಗು ಏಳುವುದುಂಟು, ತೀರಿಹೋದವರ ಹಳೆಯ ಚೇಷ್ಟೆಯೊಂದನ್ನು ಯಾರೋ ನೆನೆದಾಗ. ಆಗ ಯಾರೂ ದಿನ ಎಣಿಸುವುದಿಲ್ಲ. ಆಡಿದವರು ಸ್ವಲ್ಪ ಹೊತ್ತಿನ ಹಿಂದೆ ಅಳುತ್ತಿದ್ದುದನ್ನು ಎಲ್ಲರೂ ಕಂಡಿರುತ್ತಾರೆ.