ಜೇಬಿನ ಚಾಕುವಿಗೆ ಮೊನೆಯೇಕೆ?



ಕಳೆದ ಜೂನ್ ತಿಂಗಳಿನಲ್ಲಿ ವಿದೇಶದಿಂದ ರಜೆಗೆ ಬಂದಿದ್ದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದು, ಗುರುದಕ್ಷಿಣೆಯೆಂದು ಮಡಿಚುವ ಚಾಕುವೊಂದನ್ನು ನನ್ನ ಕೈಯಲ್ಲಿಟ್ಟ. ನಾನು ಮಾವಿನ ಗಿಡಗಳಿಗೆ ಕಸಿ ಕಟ್ಟುವ ವಿಚಾರವನ್ನು ಇದೇ ಪುಟದಲ್ಲಿ ಓದಿ ತಂದದ್ದಂತೆ. ಕೊಂಬಿನ ಹಿಡಿ, ಕನ್ನಡಿಯಂತಹ ಅಲಗು. ಬಾಯಿ ಹೊಟ್ಟೆಯಂತೆ ಉಬ್ಬಿ ಮೇಲಕ್ಕೇರುತ್ತದೆ. ಬೆನ್ನನ್ನು ತುದಿಯ ಹತ್ತಿರ ಕಡಿದು ಮೊನೆಯನ್ನು ಸೂಜಿಯಂತೆ ಚೂಪಾಗಿಸಿದ್ದಾರೆ. ಈ ಆಕಾರಕ್ಕೆ ಕ್ಲಿಪ್ ಪಾಯಿಂಟ್ ಎಂದು ಹೆಸರು. "ಸರ್, ಇದೊಂದಿದ್ದರೆ ಎಲ್ಲ ಕೆಲಸಕ್ಕೂ ಸಾಕು" ಎಂದ. ಪ್ರೀತಿಯಿಂದ ತಂದವನ ಎದುರಿಗೆ ನಾನು ಏನನ್ನೂ ಹೇಳಲಿಲ್ಲ. ಆದರೆ ಆ ಮಾತು ತಪ್ಪು. ಏಕೆ ತಪ್ಪೆಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ಅವನೂ ಓದುತ್ತಾನೆಂದು ಬಲ್ಲೆ.

ಚಾಕು ಕೊಳ್ಳುವವರು ಉಕ್ಕು ಯಾವುದು, ತುಕ್ಕು ಹಿಡಿಯುತ್ತದೆಯೇ, ಅದರಲ್ಲಿ ಎಷ್ಟು ಸಲಕರಣೆಗಳಿವೆ ಎಂದು ವಿಚಾರಿಸುತ್ತಾರೆ. ಅಲಗಿನ ಆಕಾರವನ್ನು ಕುರಿತು ವಿಚಾರಿಸುವವರನ್ನು ನಾನು ಕಂಡದ್ದು ಕಡಿಮೆ. ಚೂಪಾಗಿದ್ದರೆ ಒಳ್ಳೆಯದೆಂಬುದು ಸಾಮಾನ್ಯ ನಂಬಿಕೆ. ನನ್ನ ವಾದ ಇದಕ್ಕೆ ವಿರುದ್ಧವಾದುದು. ದಿನನಿತ್ಯ ಜೇಬಿನಲ್ಲಿಟ್ಟುಕೊಳ್ಳುವ ಚಾಕುವಿಗೆ ನೇರವಾದ ಬಾಯಿ ಬೇಕು, ಎದ್ದು ನಿಂತ ಮೊನೆ ಬೇಡ.

ನನ್ನ ತಂದೆಯವರು ಶಾನುಭೋಗರಾಗಿದ್ದರು. ಲೇಖನಿಯ ತುದಿ ಕೆತ್ತಲು ಅವರಲ್ಲೊಂದು ಪುಟ್ಟ ಚಾಕು ಇತ್ತು. ಇಂಗ್ಲಿಷರು ಇಂತಹ ಚಾಕುವನ್ನು ಪೆನ್‌ನೈಫ್ ಎಂದು ಕರೆದದ್ದೂ ಹಕ್ಕಿಯ ಗರಿಯ ಲೇಖನಿಯನ್ನು ಕೆತ್ತಲು ಬಳಸುತ್ತಿದ್ದುದರಿಂದಲೇ. ತಂದೆಯವರ ಚಾಕುವಿನ ಬಾಯಿ ಅಡಿಪಟ್ಟಿಯಂತೆ ನೇರ. ಬೆನ್ನು ಮಾತ್ರ ತುದಿಯಲ್ಲಿ ಬಾಗಿ ಬಾಯಿಯನ್ನು ಸೇರುತ್ತಿತ್ತು. ಪಾಶ್ಚಾತ್ಯರು ಈ ಆಕಾರವನ್ನು ಶೀಪ್ಸ್‌ಫುಟ್, ಎಂದರೆ ಕುರಿಗೊರಸು ಎನ್ನುತ್ತಾರೆ. ನಾನು ಕಸಿ ಕಟ್ಟಲು ಕಲಿತದ್ದು ಆ ಚಾಕುವಿನಲ್ಲಿಯೇ. ಮಸೆದು ಮಸೆದು ಅದೀಗ ಗರಿಕೆಯ ಎಸಳಿನಂತಾಗಿದೆ.

ನನ್ನ ತರಗತಿಯಲ್ಲಿ ರೇಖಾಗಣಿತ ಕಲಿತವರಿಗೆ ಇದು ತಿಳಿಯದ ಸಂಗತಿಯಲ್ಲ. ಸರಳರೇಖೆ ಸಮತಲದ ಮೇಲೆ ಪೂರ್ತಿಯಾಗಿ ಕೂರುತ್ತದೆ. ಉಬ್ಬಿದ ವಕ್ರರೇಖೆ ಒಂದು ಬಿಂದುವಿನಲ್ಲಿ ಮಾತ್ರ ತಾಗುತ್ತದೆ. ಮಾವಿನ ಮೃದುಕಾಂಡ ಕಸಿಯಲ್ಲಿ ಕುಡಿಯ ಬುಡವನ್ನು ಎರಡೂ ಕಡೆಯಿಂದ ಬೆಣೆಯಂತೆ ಕೆತ್ತಿ, ಸಸಿಯ ಸೀಳಿನೊಳಗೆ ಕೂರಿಸಬೇಕು. ಕೆತ್ತಿದ ಮುಖ ಸಮತಟ್ಟಾಗಿದ್ದರೆ ಎರಡರ ತೊಗಟೆಯಡಿಯ ಬೆಳೆಯುವ ಪದರಗಳು ಒಂದಕ್ಕೊಂದು ತಾಗಿ ಬೆಸೆದುಕೊಳ್ಳುತ್ತವೆ. ಉಬ್ಬುಬಾಯಿಯ ಚಾಕುವಿನಲ್ಲಿ ಕೆತ್ತುವಾಗ ಕೈ ಒಂದಿಷ್ಟು ತಪ್ಪಿದರೂ ಗುಳಿ ಬೀಳುತ್ತದೆ. ಆ ಗುಳಿಯಲ್ಲಿ ಗಾಳಿ ನಿಂತು ಕುಡಿ ಒಣಗುತ್ತದೆ. ಸಾಣೆಯ ವಿಷಯವೂ ಹಾಗೆಯೇ. ನೇರ ಬಾಯಿಯನ್ನು ಕಲ್ಲಿನ ಮೇಲೆ ಯಾವ ಹುಡುಗನಾದರೂ ಮಸೆದಾನು. ಉಬ್ಬಿದ ಬಾಯಿಯಾದರೆ ಉಬ್ಬಿಗೆ ತಕ್ಕಂತೆ ಹಿಡಿಯನ್ನು ಎತ್ತುತ್ತಾ ಹೋಗಬೇಕು. ಅದನ್ನರಿಯದವನ ಕೈಯಲ್ಲಿ ನಡುಭಾಗ ಹರಿತವಾಗಿ ತುದಿ ಮೊಂಡಾಗಿಯೇ ಉಳಿಯುತ್ತದೆ.

ಇನ್ನು ಮೊನೆಯ ವಿಚಾರ. ಇದನ್ನು ಬರೆಯುವಾಗ ನನಗೆ ಸಂಕೋಚವೂ ಇದೆ, ನೋವೂ ಇದೆ.

1989ರಲ್ಲಿ ಹತ್ತನೆಯ ತರಗತಿಯ ಮಕ್ಕಳಿಗೆ ಗೆರಟೆಯ ಸೌಟು ಮಾಡುವುದನ್ನು ಕಲಿಸುತ್ತಿದ್ದೆ. ಅದಕ್ಕೆಂದು ಜಾತ್ರೆಯಲ್ಲಿ ನಾಲ್ಕು ಮಡಿಚುವ ಚಾಕುಗಳನ್ನು ಕೊಂಡಿದ್ದೆ. ನೇರ ಬಾಯಿಯವೂ ಅಂಗಡಿಯಲ್ಲಿದ್ದವು. ಮೊನೆಯ ಹೊಳಪಿಗೆ ಮರುಳಾಗಿ ಚೂಪಿನವನ್ನೇ ಆರಿಸಿದವನು ನಾನು. ಹುಡುಗನೊಬ್ಬ ಗೆರಟೆಗೆ ತೂತು ಕೊರೆಯಲು ಮೊನೆಯನ್ನೂರಿ ಒತ್ತಿದ. ಅಲಗನ್ನು ತೆರೆದಿಡಲು ಅದರಲ್ಲಿದ್ದುದು ಬೆನ್ನಿನ ಸ್ಪ್ರಿಂಗ್ ಒಂದೇ, ಬೀಗವಿರಲಿಲ್ಲ. ಮೊನೆ ಜಾರಿತು, ಅಲಗು ಹಿಂದಕ್ಕೆ ಮಡಿಚಿ ಹಿಡಿದ ಕೈಯ ತೋರುಬೆರಳಿನ ಮೇಲೆಯೇ ಮುಚ್ಚಿಕೊಂಡಿತು. ಬೆರಳನ್ನು ಬಗ್ಗಿಸುವ ಸ್ನಾಯುರಜ್ಜು ತುಂಡಾಗಿತ್ತು. ಬಲಗೈ. ಆ ವರ್ಷ ಅವನು ಎಸ್ಸೆಸ್ಸೆಲ್ಸಿ ಪರೀಕ್ಷೆಯನ್ನು ಹೆಬ್ಬೆರಳು ಮತ್ತು ನಡುಬೆರಳಿನ ನಡುವೆ ಪೆನ್ನು ಹಿಡಿದು ಬರೆದ. ಆ ಬೆರಳು ಇಂದಿಗೂ ಪೂರ್ತಿ ಮಡಿಚುವುದಿಲ್ಲ. ಅವನ ತಂದೆ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಒಳ್ಳೆಯದಿತ್ತು.

ಮಡಿಚುವ ಚಾಕು ಕೊಯ್ಯುವುದಕ್ಕಾಗಿ ಇರುವುದು. ಕೊಯ್ಯುವಾಗಿನ ಒತ್ತಡ ಅಲಗನ್ನು ತೆರೆದ ಸ್ಥಿತಿಯಲ್ಲೇ ಹಿಡಿದಿಡುತ್ತದೆ. ಚುಚ್ಚುವಾಗಿನ ಒತ್ತಡ ಅದನ್ನು ಮುಚ್ಚಿಬಿಡಬಹುದು. ಮೊನೆಯಿದ್ದರೆ ಕೈ ಚುಚ್ಚಲು ಹೋಗುತ್ತದೆ. ಕುರಿಗೊರಸಿನ ಚಾಕು ಕೊಟ್ಟಿದ್ದರೆ ಆ ಹುಡುಗ ತೂತಿಗೆ ಮೊಳೆಯನ್ನೋ ಬೈರಿಗೆಯನ್ನೋ ಹುಡುಕುತ್ತಿದ್ದ.

ಪಾಶ್ಚಾತ್ಯರೇನೂ ಇದನ್ನು ಅರಿಯದವರಲ್ಲ. ಓಲಾಡುವ ಹಡಗಿನ ಮೇಲೆ ಹಗ್ಗ ಕೊಯ್ಯುವ ನಾವಿಕರು ತಮಗೂ ಪಕ್ಕದವನಿಗೂ ಚುಚ್ಚದಿರಲೆಂದು ಕುರಿಗೊರಸಿನ ಅಲಗನ್ನೇ ಇಟ್ಟುಕೊಳ್ಳುತ್ತಿದ್ದರು. ಅಮೆರಿಕದ ದನಗಾಹಿಗಳ ಸ್ಟಾಕ್‌ಮನ್ ಚಾಕುವಿನಲ್ಲಿ ಸಾಮಾನ್ಯವಾಗಿ ಮೂರು ಅಲಗುಗಳು: ಒಂದು ಕ್ಲಿಪ್, ಒಂದು ಕುರಿಗೊರಸು, ಮೂರನೆಯದು ಹೋರಿಗಳ ಬೀಜ ತೆಗೆಯಲು, ಬೇಡದ ಕಡೆ ಚುಚ್ಚದಂತೆ ಮೊಂಡುತುದಿಯ ಸ್ಪೇ. ಒಂದೇ ಅಲಗು ಎಲ್ಲಕ್ಕೂ ಸಾಕಾಗಿದ್ದರೆ ಅವರು ಮೂರನ್ನೇಕೆ ಹೊರುತ್ತಿದ್ದರು? 2005ರಲ್ಲಿ ಬ್ರಿಟನ್ನಿನ ವೈದ್ಯರು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಉದ್ದ ಮೊನೆಯ ಅಡುಗೆ ಚಾಕುಗಳ ಮಾರಾಟವನ್ನೇ ನಿಷೇಧಿಸಬೇಕೆಂದು ಬರೆದರು. ಹತ್ತು ಮಂದಿ ಹೆಸರಾಂತ ಬಾಣಸಿಗರನ್ನು ಕೇಳಿದಾಗ, ಆ ಉದ್ದ ಮೊನೆ ಅನಿವಾರ್ಯವೆಂದು ಒಬ್ಬರೂ ಹೇಳಲಿಲ್ಲವಂತೆ.

ನಮ್ಮಲ್ಲಿ ಆದದ್ದು ಬೇರೆ. ಆ ಘಟನೆಯ ನಂತರ ಶಾಲೆಯಲ್ಲಿ ಚಾಕುವನ್ನೇ ನಿಷೇಧಿಸಿದೆವು. ನಾನೂ ಸಹಿ ಹಾಕಿದೆ. ಮಕ್ಕಳು ಪೆನ್ಸಿಲ್ ಕೆತ್ತಲು ಕ್ಷೌರದ ಬ್ಲೇಡನ್ನು ಅರ್ಧಕ್ಕೆ ಮುರಿದು ತರತೊಡಗಿದರು. ಅದಕ್ಕೆ ಹಿಡಿಯೂ ಇಲ್ಲ, ಬೆನ್ನೂ ಇಲ್ಲ. ದೋಷ ಆಕಾರದಲ್ಲಿದ್ದರೆ ವಸ್ತುವನ್ನೇ ಹೊರಗಟ್ಟಿದ ಬುದ್ಧಿವಂತಿಕೆ ನಮ್ಮದು.

ಉಬ್ಬುಬಾಯಿಗೆ ಕೆಲಸವೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಬೇಟೆಯ ಪ್ರಾಣಿಯ ಚರ್ಮ ಸುಲಿಯುವವನಿಗೆ ಅದೇ ಸರಿ. ನಮ್ಮ ಕುಡುಗೋಲು ಒಳಕ್ಕೆ ಬಾಗಿರುವುದೂ ಪೈರಿನ ದಂಟುಗಳು ಜಾರದೆ ಒಟ್ಟಾಗಿ ಸಿಕ್ಕಲೆಂದೇ. ಆದರೆ ನಮ್ಮ ಜೇಬಿನ ಚಾಕು ಮಾಡುವುದೇನು? ಗೋಣಿಯ ಹುರಿ ಕೊಯ್ಯುವುದು, ಪೆನ್ಸಿಲ್ ಕೆತ್ತುವುದು, ಲಕೋಟೆ ಬಿಡಿಸುವುದು, ಕಸಿ ಕಟ್ಟುವುದು. ಮುಳ್ಳು ತೆಗೆಯಲು ಮೊನೆ ಬೇಡವೇ ಎಂದು ನನ್ನ ತಮ್ಮ ಕೇಳಿದ. ಅದಕ್ಕೆ ಪಿನ್ನು ಇದೆಯಲ್ಲ, ಮಾರಾಯ!

ಕೊನೆಗೆ ಆ ಉಡುಗೊರೆಯ ಚಾಕುವನ್ನು ಪೇಟೆಯಲ್ಲಿ ಸಾಣೆ ಹಿಡಿಯುವ ಹಿರಿಯರೊಬ್ಬರಲ್ಲಿಗೆ ಒಯ್ದೆ. ಬೆನ್ನನ್ನು ತೇದು ಮೊನೆಯನ್ನು ಕೆಳಗಿಳಿಸಿ ಎಂದಾಗ ಅವರು ನನ್ನ ಮುಖ ನೋಡಿದರು. "ಒಳ್ಳೇ ಚಾಕು ಹಾಳು ಮಾಡ್ತೀರಲ್ಲ, ಮೇಷ್ಟ್ರೇ" ಎಂದರು. ಆದರೂ ಉಕ್ಕು ಕಾದು ನೀಲಿ ತಿರುಗಿ ಹದ ಕೆಡದಂತೆ, ಮತ್ತೆ ಮತ್ತೆ ನೀರಿನಲ್ಲಿ ಅದ್ದುತ್ತಾ ಅರ್ಧ ಗಂಟೆ ತೇದರು. ಅಲಗು ಮುಕ್ಕಾಲು ಇಂಚು ಗಿಡ್ಡವಾಯಿತು, ಬಾಯಿ ನೇರವಾಯಿತು. ತಂದವನು ಕ್ಷಮಿಸಬೇಕು. ಜುಲೈನಲ್ಲಿ ಅದರಿಂದಲೇ ಹನ್ನೊಂದು ಮಾವಿನ ಸಸಿಗಳಿಗೆ ಕಸಿ ಕಟ್ಟಿದೆ, ಒಂಬತ್ತು ಚಿಗುರಿವೆ. ಒಂದನ್ನು ಅವನ ತಾಯಿಯವರಿಗೆ ಕಳುಹಿಸಿದ್ದೇನೆ.