ಬೀಗದ ಕೋಣೆಯ ವಿದ್ಯೆ

ಸರ್ಕಾರವು 2016-17ರಲ್ಲಿ ತಂತ್ರಜ್ಞಾನಾಧಾರಿತ ಕಲಿಕೆಯ ಯೋಜನೆಯನ್ನು ಹೂಡಿ ಪ್ರೌಢಶಾಲೆಯ ಉಪಾಧ್ಯಾಯರಿಗೆ ಗಣಕಯಂತ್ರದ ತರಬೇತಿ ಕೊಡಿಸಿದ್ದು ಶ್ಲಾಘನೀಯವೇ ಸರಿ. ಆದರೆ ತರಬೇತಿ ಪಡೆದವರು ಊರಿಗೆ ಮರಳಿದ ಮೇಲೆ ಆ ವಿದ್ಯೆಯು ಸಹೋದ್ಯೋಗಿಗಳಿಗೂ ಮಕ್ಕಳಿಗೂ ಹರಿಯದಿದ್ದರೆ ಪ್ರಯೋಜನವೇನು? ಬೀಗ ಹಾಕಿದ ಕೋಣೆಯ ಯಂತ್ರವು ಯಾರಿಗೂ ಪಾಠ ಹೇಳದು.

ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳ ಉಪಾಧ್ಯಾಯರು ಒಟ್ಟಿಗೆ ಕುಳಿತು ಪಾಠಗಳನ್ನು ತಾವೇ ರಚಿಸಬೇಕು. ಸೂಳೆಕೆರೆಯ ನೀರಿನ ಮಟ್ಟ, ಹೊನ್ನಾಳಿಯ ಬಳಿ ತುಂಗಭದ್ರೆಯ ಪ್ರವಾಹ, ನ್ಯಾಮತಿಯ ಮೆಕ್ಕೆಜೋಳದ ಧಾರಣೆ, ಬರಪೀಡಿತ ಜಗಳೂರಿನ ಮಳೆಯ ಲೆಕ್ಕ, ಇವನ್ನು ಮಕ್ಕಳು ಗಣಕದಲ್ಲಿ ಪಟ್ಟಿಮಾಡಿ ರೇಖಾಚಿತ್ರ ಬರೆದರೆ ಗಣಿತವೂ ಭೂಗೋಳವೂ ಒಮ್ಮೆಗೇ ಮನದಟ್ಟಾಗುವುವು.

ಇದಕ್ಕೆ ಮೊದಲು ಬೇಕಾದುದು ಹೊಸ ಯಂತ್ರವಲ್ಲ, ವಾರಕ್ಕೆರಡು ಗಂಟೆಯ ಬಿಡುವು. ಗಣತಿ, ಚುನಾವಣೆಗಳ ಭಾರವನ್ನು ಉಪಾಧ್ಯಾಯರ ತಲೆಗೆ ಕಟ್ಟುವ ಅಧಿಕಾರಿವರ್ಗವು ಇಷ್ಟನ್ನಾದರೂ ದಯಪಾಲಿಸಲಿ.