ಪಾಪುವಿನ ಬಟ್ಟೆ ಹೇಳಿದ ಲೆಕ್ಕ

ಮಕ್ಕಳೇ, ನಮ್ಮ ಕಳಸದ ಕಡೆ ಆಷಾಢದ ಮಳೆ ಹಿಡಿಯಿತೆಂದರೆ ಬಿಸಿಲು ಕಾಣುವುದೇ ಅಪರೂಪ. ಹೆಬ್ಬಾಳೆ ಸೇತುವೆಯ ಮೇಲೆ ಭದ್ರೆ ಹತ್ತಿದಳೇ ಇಳಿದಳೇ ಎಂಬುದೇ ದಿನದ ಸುದ್ದಿ. ಈ ಸಲ ಮನೆಯಲ್ಲಿ ನಾಲ್ಕು ತಿಂಗಳ ಪಾಪು ಬೇರೆ. ಬಚ್ಚಲೊಲೆಯ ಹತ್ತಿರ ಕಟ್ಟಿದ ಹಗ್ಗದ ತುಂಬ ಅದರದೇ ಬಟ್ಟೆ. "ಇನ್ನೂ ಒಂದು ಒಣಗಿಲ್ಲ, ಆಗಲೇ ಇನ್ನೊಂದು ಒದ್ದೆ!" ಎಂದು ದಿನವಿಡೀ ಗೊಣಗುವುದು ನನ್ನ ಕೆಲಸ.

ಅದೇ ವಾರ ನನಗೆ ಇನ್ನೊಂದು ಚಿಂತೆ ಹತ್ತಿಕೊಂಡಿತು. ಮೊದಲೆಲ್ಲ ಅರ್ಧ ಗಂಟೆ ಹಾಲು ಕುಡಿಯುತ್ತಿದ್ದ ಪಾಪು ಐದೇ ನಿಮಿಷಕ್ಕೆ ಬಾಯಿ ತೆಗೆಯುತ್ತಿತ್ತು. ಬೆಕ್ಕು ಓಡಿದರೆ ಅತ್ತ ತಿರುಗುವುದು, ಅಜ್ಜ ಕೆಮ್ಮಿದರೆ ಇತ್ತ ತಿರುಗುವುದು. ರಾತ್ರಿ ಮಾತ್ರ ಮತ್ತೆ ಮತ್ತೆ ಏಳುತ್ತಿತ್ತು. ನಾನು ಸುಮ್ಮನಿರಬೇಕಿತ್ತು, ಇರಲಿಲ್ಲ. "ನಿನಗೆ ಹಾಲು ಬತ್ತಿದೆ ಕಣೇ. ನಾಳೆಯಿಂದ ಹಸುವಿನ ಹಾಲಿಗೆ ನೀರು ಬೆರೆಸಿ ಕೊಡೋಣ" ಎಂದು ಸೊಸೆಗೆ ಹೇಳಿಬಿಟ್ಟೆ. ಅವಳು "ಆಯ್ತು ಅತ್ತೆ" ಎಂದಳು. ಆದರೆ ಆ ರಾತ್ರಿ ಅವಳು ಸರಿಯಾಗಿ ಊಟ ಮಾಡಲಿಲ್ಲ. ಕಣ್ಣೂ ಕೆಂಪಾಗಿತ್ತು.

ಐದನೇ ಕ್ಲಾಸಿನ ದೊಡ್ಡ ಮೊಮ್ಮಗಳು ಬೆಳಿಗ್ಗೆ ಹಗ್ಗದ ಬಟ್ಟೆ ಎಣಿಸುತ್ತ ನಿಂತಿದ್ದಳು. "ಅಜ್ಜೀ, ನಿನ್ನೆ ಒಂದೇ ದಿನಕ್ಕೆ ಒಂಬತ್ತು ಬಟ್ಟೆ ಒದ್ದೆಯಾಗಿದೆ. ಪಾಪುಗೆ ನೀರೂ ಕೊಡಲ್ಲ. ಹಾಲು ಸಾಲದಿದ್ದರೆ ಇಷ್ಟೊಂದು ಉಚ್ಚೆ ಎಲ್ಲಿಂದ ಬಂತು?" ಎಂದಳು. ನನ್ನ ಹತ್ತಿರ ಉತ್ತರವಿರಲಿಲ್ಲ.

ಮಧ್ಯಾಹ್ನ ಕೊಡೆ ಹಿಡಿದು ಬಂದ ಆಶಾ ಕಾರ್ಯಕರ್ತೆ ಈ ಪ್ರಶ್ನೆ ಕೇಳಿ ನಕ್ಕರು. "ನಾವು ಕೇಳುವ ಮೊದಲ ಪ್ರಶ್ನೆಯೂ ಅದೇ" ಎಂದರು. ತಾಯಿಹಾಲು ಮಾತ್ರ ಕುಡಿಯುವ ಕೂಸು ದಿನಕ್ಕೆ ಆರು ಸಲವಾದರೂ ಚೆನ್ನಾಗಿ ಉಚ್ಚೆ ಮಾಡಬೇಕು, ಅದರ ಬಣ್ಣ ತಿಳಿಯಾಗಿರಬೇಕು. ಎರಡನೆಯದು ತೂಕ. ನಮ್ಮ ಪಾಪು ಹುಟ್ಟಿದಾಗ 2 ಕಿಲೋ 900 ಗ್ರಾಂ ಇತ್ತು. ತಕ್ಕಡಿಯಲ್ಲಿ ಮಲಗಿಸಿದರೆ 6 ಕಿಲೋ 100 ಗ್ರಾಂ! ತಾಯಿ ಕಾರ್ಡಿನಲ್ಲಿ ಗೆರೆ ಮೇಲೇರುತ್ತಲೇ ಇತ್ತು.

ಹಾಗಾದರೆ ಐದೇ ನಿಮಿಷ ಏಕೆ? ಹೊಸದಾಗಿ ಹುಟ್ಟಿದ ಕೂಸಿಗೆ ಹೊಟ್ಟೆ ಚಿಕ್ಕದು, ಚೀಪುವ ಶಕ್ತಿಯೂ ಕಡಿಮೆ. ಅದಕ್ಕೇ ದಿನಕ್ಕೆ 8ರಿಂದ 12 ಸಲ ಕುಡಿಯುತ್ತದೆ. ನಾಲ್ಕು ತಿಂಗಳಿಗೆ ದವಡೆ ಬಲಿತು, ಅರ್ಧ ಗಂಟೆಯ ಹಾಲನ್ನು ಕೆಲವೇ ನಿಮಿಷಗಳಲ್ಲಿ ಎಳೆದುಕೊಳ್ಳಬಲ್ಲದು. ಜೊತೆಗೆ ಆ ವಯಸ್ಸಿಗೆ ಕಣ್ಣು ದೂರದವರೆಗೆ ನೋಡಲು ಕಲಿತಿರುತ್ತದೆ. ಬೆಕ್ಕು, ಮಳೆ, ಅಜ್ಜನ ಕೆಮ್ಮು ಎಲ್ಲವೂ ಹೊಸ ನಾಟಕ. ಹಗಲು ಬಿಟ್ಟ ಹಾಲನ್ನು ಸದ್ದಡಗಿದ ರಾತ್ರಿಯಲ್ಲಿ ಕುಡಿದುಕೊಳ್ಳುತ್ತದೆ.

ಇದಕ್ಕೆ ತಿರುಗುಮುರುಗಾದದ್ದೂ ಉಂಟು. ಆರನೇ ವಾರದ ಹೊತ್ತಿಗೆ ಇದೇ ಪಾಪು ಸಂಜೆಯೆಲ್ಲ ಎದೆ ಬಿಡುತ್ತಿರಲಿಲ್ಲ. ಆಗಲೂ ನಾನು "ಹಾಲು ಸಾಲದು" ಎಂದಿದ್ದೆ! ಬೆಳೆಯುವ ಕೂಸು ಕೆಲವು ದಿನ ಹೀಗೆ ಹೆಚ್ಚು ಚೀಪಿ, ತಾಯಿಯ ಮೈಗೆ "ಇನ್ನಷ್ಟು ಬೇಕು" ಎಂದು ಹೇಳುತ್ತದಂತೆ. ಕೊಟ್ಟಿಗೆ ನೋಡಿದ ಮಕ್ಕಳಿಗೆ ಇದು ಗೊತ್ತು: ಹಸುವನ್ನು ಕರೆಯದೆ ಬಿಟ್ಟರೆ ಹಾಲು ಬತ್ತುತ್ತದೆ. ನಾನು ಬಾಟಲಿ ಹಿಡಿಸಿದ್ದರೆ ಪಾಪು ಎದೆ ಚೀಪುವುದು ಕಡಿಮೆಯಾಗಿ, ಇರುವ ಹಾಲನ್ನೂ ನಾನೇ ಬತ್ತಿಸುತ್ತಿದ್ದೆ.

ಆರು ತಿಂಗಳು ತುಂಬುವವರೆಗೆ ತಾಯಿಹಾಲೊಂದೇ ಸಾಕು, ನೀರೂ ಬೇಡ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಆ ಹಾಲಿನಲ್ಲಿ ನೂರಕ್ಕೆ 87ರಷ್ಟು ನೀರೇ ಇದೆ. ಆಮೇಲೆ ರಾಗಿ ಸರಿ, ಮೆತ್ತಗಿನ ಅನ್ನ ಶುರುಮಾಡಿ, ಎರಡು ವರ್ಷ ದಾಟುವವರೆಗೂ ಎದೆಹಾಲು ಮುಂದುವರಿಸಬಹುದು. ಹಸುವಿನ ಹಾಲನ್ನು ಕುಡಿಸಲು ಒಂದು ವರ್ಷವಾದರೂ ತುಂಬಬೇಕು. ಎಳೆಯ ಮೂತ್ರಪಿಂಡಕ್ಕೆ ಅದು ಭಾರ, ರಕ್ತಕ್ಕೆ ಬೇಕಾದ ಕಬ್ಬಿಣದ ಅಂಶವೂ ಅದರಲ್ಲಿ ಕಡಿಮೆ.

ಆದರೆ ಎಲ್ಲ ಬದಲಾವಣೆಯೂ ಹೀಗೆ ನಿರಪಾಯವಲ್ಲ. ಒದ್ದೆ ಬಟ್ಟೆ ಕಡಿಮೆಯಾದರೆ, ಉಚ್ಚೆ ಗಾಢ ಹಳದಿಯಾದರೆ, ಜ್ವರ ಬಂದರೆ, ಕೂಸು ಮಂಕಾಗಿ ಹಾಲಿಗೂ ಏಳದಿದ್ದರೆ, ಉಸಿರಾಡಲು ಕಷ್ಟಪಟ್ಟರೆ, ತೂಕ ಏರದಿದ್ದರೆ ಮನೆಮದ್ದು ಮಾಡುತ್ತ ಕೂರಬಾರದು. ಮಳೆಯೆಂದು ನಾಳೆಗೂ ಹಾಕಬಾರದು. ಸೇತುವೆ ಮುಳುಗುವ ನಮ್ಮಂಥ ಊರಿನಲ್ಲಂತೂ ಬೇಗ ಹೊರಡುವುದೇ ಜಾಣತನ.

ಆಗಸ್ಟ್ 1ರಿಂದ 7ರವರೆಗೆ ವಿಶ್ವ ಸ್ತನ್ಯಪಾನ ಸಪ್ತಾಹ. ಮನೆಯಲ್ಲಿ ಕೂಸಿರುವ ಮಕ್ಕಳು ಕ್ಯಾಲೆಂಡರಿನ ಮೇಲೆ ಒದ್ದೆ ಬಟ್ಟೆಗೊಂದು ಗೆರೆ ಎಳೆಯಿರಿ. ನನ್ನಂಥ ಅಜ್ಜಿಯರು, ಅಜ್ಜಂದಿರು ಹಾಲೂಡಿಸುವ ಹೊತ್ತಿಗೆ ಟಿ.ವಿ. ಆರಿಸಿ, ಕೋಣೆಯಲ್ಲಿ ಸದ್ದು ಮಾಡದಿದ್ದರೆ ಅದೇ ದೊಡ್ಡ ಉಪಕಾರ.

ಆ ಸಂಜೆ ಬಿಸಿ ಕಡುಬು, ಚಟ್ನಿ ಮಾಡಿ ಸೊಸೆಯ ಮುಂದಿಟ್ಟೆ. "ನಾನು ಹಾಗೆ ಅನ್ನಬಾರದಿತ್ತು ಮಗಾ" ಎಂದೆ. ಅವಳು ಮೂರು ಕಡುಬು ತಿಂದಳು. ಪಾಪು ಅಷ್ಟರಲ್ಲಿ ಹತ್ತನೇ ಬಟ್ಟೆ ಒದ್ದೆ ಮಾಡಿತು. ಈ ಸಲ ನಾನು ಗೊಣಗಲಿಲ್ಲ.